ಎಪ್ಪತ್ತು ಸೆಕೆಂಡಿನ ಒಕ್ಕಣೆ

ಚಂದ್ರಮತಿ ಮಂಡಿ ಮೊಹಲ್ಲಾದ ಪ್ರೆಸ್ಸೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಡಿಟಿಪಿ ಮಾಡುತ್ತಿದ್ದಳು. ಲಗ್ನಪತ್ರಿಕೆ, ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ, ದಿನವಿಡೀ ಅದೇ. ಕಣ್ಣು ಸೋತು ಕಾಗುಣಿತದ ತಪ್ಪು ತಪ್ಪಿಸಿಕೊಳ್ಳತೊಡಗಿದಾಗ, ಕಿವಿಯಾದರೂ ಹಿಡಿದೀತು ಎಂದು, ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಕಟ್ಟಿಕೊಂಡಳು. ಪ್ರೋಗ್ರಾಮಿಂಗ್ ಅನ್ನು ಪುಸ್ತಕ ನೋಡಿ ತಾನೇ ಕಲಿತವಳು. ಧ್ವನಿಯ ಭಾಗ ಮಾತ್ರ ಅವಳದಲ್ಲ. ಅದು ನಿವೃತ್ತ ಎಂಜಿನಿಯರ್ ದೊರೆಸ್ವಾಮಿ ಎಂಟು ವರ್ಷ ಕೂತು ಮಾಡಿದ್ದು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಮಾಡಿದವರ ಹೆಸರು ಮತ್ತು ಪರವಾನಗಿಯ ಒಕ್ಕಣೆ ಜೊತೆಗೇ ಹೋಗಬೇಕು ಎಂಬುದೊಂದೇ ಅವರ ಷರತ್ತು. ಇಬ್ಬರೂ ಸೇರಿ ಅದನ್ನು ಇಂಟರ್ನೆಟ್ಟಿಗೆ ಹಾಕಿದರು.

ಎರಡು ವರ್ಷದ ಮೇಲೆ ಯಾವುದೋ ಕಂಪನಿ ಹೆಸರುಗಳನ್ನೆಲ್ಲ ಅಳಿಸಿ, ತನ್ನದೇ ಎಂದು ಅದನ್ನು ಶಾಲೆಗಳಿಗೆ ಮಾರಿತು. ದೊರೆಸ್ವಾಮಿ ಬರೆದ ಪತ್ರಗಳಿಗೆ ಉತ್ತರವೇ ಇಲ್ಲ. ಆ ಸಂಕಟದಲ್ಲಿ ಅವರು ಹಟ ಹಿಡಿದರು. ಸಾಫ್ಟ್‌ವೇರ್ ತೆರೆದ ಕೂಡಲೇ ಪೂರ್ತಿ ಒಕ್ಕಣೆ ಕೇಳಿಸಬೇಕು, ನಡುವೆ ನಿಲ್ಲಿಸಲು ಬರಬಾರದು. ಚಂದ್ರಮತಿ ಹೂಂ ಅಂದು ಹಾಗೇ ಮಾಡಿದಳು.

ಒಂದು ದಿನ ರುದ್ರಸ್ವಾಮಿ ಎಂಬವರು ಫೋನ್ ಮಾಡಿದರು. ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಕೆಲಸ, ಎರಡೂ ಕಣ್ಣು ಕಾಣದು. ಕಂಪ್ಯೂಟರಿನಲ್ಲಿ ಬರುವ ಅರ್ಜಿಗಳನ್ನು ಅವರಿಗೆ ಓದಿ ಹೇಳುತ್ತಿದ್ದದ್ದು ಇದೇ ಸಾಫ್ಟ್‌ವೇರ್. ಹಳೇ ಕಂಪ್ಯೂಟರು ದಿನಕ್ಕೆ ಹತ್ತು ಸಲ ನಿಂತುಹೋಗುತ್ತದೆ, ಪ್ರತಿ ಸಲವೂ ಎಪ್ಪತ್ತು ಸೆಕೆಂಡು ಒಕ್ಕಣೆ ಕೇಳಬೇಕು ಎಂದರು.

ಅವಳು ಅರ್ಧ ದಿನ ರಜೆ ಹಾಕಿ ಹೋಗಿ ಅವರ ಪಕ್ಕ ಕೂತಳು. ಪಿಂಚಣಿ ಅರ್ಜಿಯ ರಸೀದಿ ಹಿಡಿದ ಮುದುಕಿಯೊಬ್ಬಳು ಬಂದು ನಿಲ್ಲುವುದಕ್ಕೂ ಕಂಪ್ಯೂಟರು ನಿಲ್ಲುವುದಕ್ಕೂ ಸರಿಹೋಯಿತು. ಮತ್ತೆ ಆನ್ ಮಾಡಿದಾಗ ಧ್ವನಿ ಶುರುವಾಯಿತು: ಈ ತಂತ್ರಾಂಶಕ್ಕೆ ಯಾವುದೇ ಖಾತರಿ ಇರುವುದಿಲ್ಲ, ನಷ್ಟಕ್ಕೆ ಕರ್ತೃಗಳು ಹೊಣೆಯಲ್ಲ...

ಮುದುಕಿ ಗಾಬರಿಯಾದಳು. "ಅಂಗಂದ್ರೆ ನನ್ ಪಿಂಚಣಿಗೆ ಖಾತರಿ ಇಲ್ವಾ ಸ್ವಾಮಿ?"

"ನಿಮ್ಗಲ್ಲಮ್ಮ, ಅದು ತನ್ನ ವಿಷಯ ಹೇಳ್ಕೊತಿದೆ," ಎಂದರು ರುದ್ರಸ್ವಾಮಿ. ದಿನಾ ಯಾರಿಗಾದರೂ ಹೇಳಿ ಹೇಳಿ ಸವೆದುಹೋದ ಮಾತಿನ ಹಾಗಿತ್ತು ಅದು. ಚಂದ್ರಮತಿ ತಲೆ ತಗ್ಗಿಸಿದಳು.

ಅಲ್ಲಿಂದ ನೇರ ದೊರೆಸ್ವಾಮಿಯವರ ಮನೆಗೆ ಹೋಗಿ ಎಲ್ಲ ಹೇಳಿದಳು. ಶುರುವಿನ ಒಕ್ಕಣೆ ತೆಗೆಯೋಣವೇ ಎಂದಾಗ ಅವರು ಕೇಳಿದರು:

"ಆ ಹೆಸರೂ ಹೋದ್ರೆ, ಇದನ್ನ ನಾನು ಮಾಡ್ದೆ ಅನ್ನೋಕೆ ಇನ್ನೇನು ಉಳಿಯುತ್ತೆ ಕಣಮ್ಮ?"

ಚಂದ್ರಮತಿ ಕಾಫಿ ಕುಡಿದು ವಿದ್ಯಾರಣ್ಯಪುರಂನ ತನ್ನ ಮನೆಗೆ ಬಂದಳು. ಮೂರು ತಿಂಗಳು ಸಾಫ್ಟ್‌ವೇರಿನ ಗೊಡವೆಗೇ ಹೋಗಲಿಲ್ಲ. ರುದ್ರಸ್ವಾಮಿಯವರ ಫೋನೂ ಬರಲಿಲ್ಲ. ಕೊನೆಗೆ ತಾನೇ ಮಾಡಿ ಕೇಳಿದಾಗ, ಬಳಸುವುದು ಬಿಟ್ಟೆ ಎಂದರು. ಈಗ ಅರ್ಜಿಗಳನ್ನು ಪಕ್ಕದ ಟೇಬಲ್ಲಿನವರು ಓದಿ ಹೇಳುತ್ತಾರಂತೆ. "ಅವ್ರಿಗೆ ಬಿಡುವಾದಾಗ, ಮೇಡಂ."

ಆ ಮಾತು ಅವಳನ್ನು ಕೂರಗೊಡಲಿಲ್ಲ. ಭಾನುವಾರ ಬೆಳಿಗ್ಗೆ ಪರವಾನಗಿಯನ್ನು ಮೂರು ಸಲ ಓದಿದಳು. ಹೆಸರು, ಒಕ್ಕಣೆ ಪ್ರತಿಯ ಜೊತೆ ಇರಬೇಕು ಅಂತಿತ್ತೇ ಹೊರತು, ತೆರೆದಾಗಲೆಲ್ಲ ಓದಿ ಹೇಳಬೇಕು ಅಂತ ಎಲ್ಲೂ ಇರಲಿಲ್ಲ. ಒಕ್ಕಣೆಯನ್ನು ಪೂರ್ತಿಯಾಗಿ ಬೇರೆ ಪುಟಕ್ಕೆ ಸರಿಸಿ, ಒಂದು ಕೀ ಒತ್ತಿದರೆ ತೆರೆಯುವಂತೆ ಮಾಡಿದಳು. ಶುರುವಿನಲ್ಲಿ ದೊರೆಸ್ವಾಮಿಯವರ ಹೆಸರು ಮಾತ್ರ, ಎರಡು ಸೆಕೆಂಡು. ಬಿಡುಗಡೆಗೆ ಮುಂಚೆ ಅವರಿಗೊಂದು ಇಮೇಲ್ ಕಳಿಸಿದಳು.

ಇಪ್ಪತ್ತು ದಿನ ಉತ್ತರವಿಲ್ಲ. ಆಮೇಲೆ ಒಂದೇ ಸಾಲು ಬಂತು: "ಒಕ್ಕಣೇಲಿ ಪರವಾನಗಿ ಅನ್ನೋದು ಎರಡು ಕಡೆ ಪರವಾನಿಗೆ ಆಗಿದೆ, ಒಂದೇ ಥರ ಮಾಡಮ್ಮ."

ಅದು ಒಪ್ಪಿಗೆಯೋ ಮುನಿಸೋ ಅವಳಿಗೆ ತಿಳಿಯಲಿಲ್ಲ. ಕೇಳುವ ತ್ರಾಣವೂ ಇರಲಿಲ್ಲ. ತಿದ್ದಿ ಬಿಡುಗಡೆ ಮಾಡಿದಳು.

ವಾರ ಕಳೆದು ರುದ್ರಸ್ವಾಮಿ ಪ್ರೆಸ್ಸಿಗೆ ಫೋನ್ ಮಾಡಿದರು. ಸಾಫ್ಟ್‌ವೇರನ್ನು ಮತ್ತೆ ಹಾಕಿಸಿಕೊಂಡಿದ್ದರು, ಈಗ ಅರ್ಜಿ ತಾವೇ ಕೇಳಿಕೊಳ್ಳುತ್ತಾರೆ. ಆದರೆ ಳಕಾರ ಲಕಾರದ ಹಾಗೆ ಕೇಳಿಸುತ್ತದೆ, ಸ್ವಲ್ಪ ನೋಡಿ ಎಂದರು. ನೋಡ್ತೀನಿ ಸರ್ ಎಂದು ಚಂದ್ರಮತಿ ಚೀಟಿಯಲ್ಲಿ ಗುರುತು ಹಾಕಿಕೊಂಡು, ಅರ್ಧಕ್ಕೆ ಬಿಟ್ಟಿದ್ದ ಲಗ್ನಪತ್ರಿಕೆಯ ಪ್ರೂಫ್ ಎಳೆದುಕೊಂಡಳು.