ಕಲ್ಲೆದೆಯ ಒತಿಲಿಯಾ

ಹುವಾಸ್ಟೆಕಾ ಬೆಟ್ಟಗಳ ನಡುವಿನ ಆ ಊರಿನಲ್ಲಿ ಒತಿಲಿಯಾ ಎಂದರೆ ಎರಡು ವಿಷಯ ನೆನಪಾಗುತ್ತಿದ್ದವು. ಒಂದು, ಬಾಳೆಲೆಯಲ್ಲಿ ಸುತ್ತಿ ಮಣ್ಣಿನ ಒಲೆಯಲ್ಲಿ ಬೇಯಿಸಿದ ಆಳುದ್ದದ ಕಡುಬು. ಭಾನುವಾರದ ಸಂತೆಯಲ್ಲಿ ಅದು ಹತ್ತು ಗಂಟೆಯೊಳಗೆ ಖಾಲಿ. ಇನ್ನೊಂದು, ‘ಕಲ್ಲೆದೆಯ ಒತಿಲಿಯಾ’ ಎಂಬ ಹಾಡು.

ಹಾಡು ಕಟ್ಟಿದವನು ಪಕ್ಕದೂರಿನ ಪಿಟೀಲುಗಾರ ಕ್ರಿಸ್ಪಿನ್. ಅವಳು ಲೆಯಾಂದ್ರೋನನ್ನು ಮದುವೆಯಾದ ವರ್ಷವೇ ಹಾಡು ಹುಟ್ಟಿತು. ಪ್ರೀತಿಸಿದವನ ಕಣ್ಣೀರಿಗೆ ಕರಗದವಳು, ಬಾಗಿಲು ಮುಚ್ಚಿಕೊಂಡವಳು ಎಂದೆಲ್ಲ ಅದರಲ್ಲಿತ್ತು. ವಿಚಿತ್ರವೆಂದರೆ ಕ್ರಿಸ್ಪಿನ್ ಅವಳೊಡನೆ ಪ್ರೀತಿಯ ಮಾತು ಒಂದನ್ನೂ ಆಡಿರಲಿಲ್ಲ. ಆದರೆ ಹಾಡನ್ನು ಬಿಟ್ಟು ಇವಳನ್ನು ಯಾರು ನಂಬುತ್ತಾರೆ? ಅತ್ತೆ ನಂಬಲಿಲ್ಲ. ರೇಡಿಯೋದಲ್ಲಿ ಅದು ಬಂದಾಗಲೆಲ್ಲ ಲೆಯಾಂದ್ರೋ ಮಾತು ನಿಲ್ಲಿಸಿ ಅಂಗಳಕ್ಕೆ ಹೋಗಿಬಿಡುತ್ತಿದ್ದ. ಅರ್ಧ ಅನುಮಾನ ಇಟ್ಟುಕೊಂಡೇ ಅವನು ತೀರಿಕೊಂಡ.

ಕಳೆದ ಚಳಿಗಾಲ ತಂಗಿಯ ಮಗಳ ಮದುವೆಗೆ ಬೀಗರು ಪಿಟೀಲಿನವರನ್ನು ಕರೆಸಿದ್ದರು. ಬಂದವನು ಕ್ರಿಸ್ಪಿನ್! ತಲೆ ಪೂರ್ತಿ ನೆರೆತಿತ್ತು. ಜನ ಕೂಗಿದ್ದೇ ತಡ, ಅದೇ ಹಾಡು ಎತ್ತಿಕೊಂಡ. ಒತಿಲಿಯಾ ತಟ್ಟೆ ಕೆಳಗಿಟ್ಟಳು.

“ಅಕ್ಕಾ, ಸುಮ್ನೆ ಕೂತ್ಕೋ. ಮದುವೆಮನೆ,” ಎಂದು ತಂಗಿ ಅವಳ ಶಾಲಿನ ಅಂಚು ಹಿಡಿದೆಳೆದಳು.

“ನಲವತ್ತು ವರ್ಷ ಕೂತಿದ್ದಾಯ್ತಲ್ಲೇ.”

ಆ ಕಡೆಯ ಹಾಡುಗಳಲ್ಲಿ ಯಾರು ಬೇಕಾದರೂ ಎದ್ದು ಪದ್ಯಕ್ಕೆ ಪದ್ಯ ಕೊಡಬಹುದು. ಅವಳು ಎದ್ದಳು. ಗಟ್ಟಿ ದನಿಯಲ್ಲಿ ಹಾಡಿದಳು:

“ಬಾಗಿಲು ತಟ್ಟದೆ ಹೋದವನೇ,
ತೆರೆಯಲಿಲ್ಲವೆಂದು ಹಾಡಬೇಡ.
ಕಲ್ಲು ನನ್ನೆದೆಯಲ್ಲ, ಕ್ರಿಸ್ಪಿನ್,
ನಿನ್ನ ನಾಲಿಗೆ ಮೇಲಿತ್ತು ನೋಡ!”

ಪಿಟೀಲು ನಿಂತಿತು. ಎಲ್ಲರೂ ಮುದುಕನ ಮುಖ ನೋಡಿದರು. ಅವನು ಟೋಪಿ ತೆಗೆದ.

“ಇವರು ಹೇಳೋದು ನಿಜ ಕಣ್ರಪ್ಪ. ಮೂರು ಸಂತೆ ಇವರೆದುರು ಹೋಗಿ ನಿಂತೆ. ಮೂರು ಸಲವೂ ಮಾತು ಬರದೆ ಕಡುಬು ತಗೊಂಡು ವಾಪಸ್ ಬಂದೆ.”

“ಹಸಿವಿಗೆ ಬಂದಿದ್ದಾನೆ ಅಂದ್ಕೊಂಡಿದ್ದೆ!” ಎಂದಳು ಒತಿಲಿಯಾ.

ಚಪ್ಪರವೇ ಹಾರಿಹೋಗುವಂತೆ ಜನ ನಕ್ಕರು. ನಗು ತಣ್ಣಗಾದ ಮೇಲೆ ಕ್ರಿಸ್ಪಿನ್ ಹತ್ತಿರ ಬಂದು ಮೆಲ್ಲಗೆ ಕೇಳಿದ, “ನಿಮ್ಮ ಯಜಮಾನ್ರು ಆ ಹಾಡು ನಂಬಿದ್ರಾ, ಒತಿಲಿಯಾ ಅವರೇ?”

“ಅರ್ಧ.”

ಅವನು ತಲೆ ತಗ್ಗಿಸಿದ. “ಅವರಿಗೆ ಹೇಳೋಕೆ ಆಗ್ಲಿಲ್ಲ. ನಿಮಗೆ ಹೇಳ್ತೀನಿ. ತಪ್ಪಾಯ್ತು.”

ಆಮೇಲೆ ಊರೆಲ್ಲ ಕೇಳುವಂತೆ ಅವಳ ಪದ್ಯವನ್ನೇ ಹಾಡಿಗೆ ಸೇರಿಸಿ ಹಾಡಿದ. ಗಂಡನ ಅಣ್ಣ, ಇಷ್ಟು ವರ್ಷ ಅವಳಿಗೆ ಮುಖ ಕೊಟ್ಟು ಮಾತಾಡದವನು, ತಾನೇ ಒಂದು ಕುರ್ಚಿ ತಂದು ಅವಳ ಪಕ್ಕ ಹಾಕಿಕೊಂಡು ಕೂತ.

“ಇನ್ನೊಂದು ಪದ್ಯ ಹೇಳಕ್ಕಾ!” ಎಂದು ತಂಗಿ ದುಂಬಾಲು ಬಿದ್ದಳು.

“ಹೋಗೇ. ಅದೊಂದು ಕಟ್ಟೋಕೇ ಇಷ್ಟು ವರ್ಷ ಹಿಡೀತು,” ಎಂದು ಅವಳು ಆರಿದ ಊಟಕ್ಕೆ ಕೈಹಾಕಿದಳು. ಅಂದು ಎರಡು ಸಲ ಬಡಿಸಿಕೊಂಡಳು.