ಹೂಂಗುಟ್ಟದ ಭಾವ

ನಮ್ಮ ಭಾವ ಓಂಕಾರಪ್ಪನವರಿಗೆ ಪುಸ್ತಕ ತಂದುಕೊಡುವುದೂ ಒಂದೇ, ಪೊಲೀಸ್ ಸ್ಟೇಷನ್ನಿಗೆ ಸಾಕ್ಷಿ ಹೇಳಲು ಹೋಗುವುದೂ ಒಂದೇ. ಬರೆದವನು ಎಲ್ಲೋ ಹಾಯಾಗಿರುತ್ತಾನೆ. ಉತ್ತರ ಹೇಳಬೇಕಾದವನು ಶಿವಮೊಗ್ಗದ ಲೈಬ್ರರಿಯಿಂದ ಅದನ್ನು ಹೊತ್ತು ತಂದ ನಾನು. ಶಿವಮೊಗ್ಗದಲ್ಲೇ ನವುಲೆಯಲ್ಲಿ ನನ್ನ ಆಫೀಸು, ಭಾನುವಾರ ಭದ್ರಾವತಿಯ ಹಳೇನಗರದಲ್ಲಿ ಅಕ್ಕ ಶಂಕರಮ್ಮನ ಮನೆ. ಅಲ್ಲಿ ಕಾಫಿಗಿಂತ ಮೊದಲು ವಿಚಾರಣೆ.

ಭಾವ ಸರ್ವೀಸಿನಲ್ಲಿ ಬಸ್ಸಿನ ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿದ್ದರು. ದಾರಿಯ ಮಧ್ಯೆ ಯಾವುದೋ ಮರದ ಮರೆಯಲ್ಲಿ ನಿಂತು, ಬಸ್ಸು ಬಂದೊಡನೆ ಕೈ ಅಡ್ಡ ಹಿಡಿದು ಹತ್ತಿ, "ಟಿಕೆಟ್ ತೋರ್ಸಿ" ಅನ್ನುವ ಕೆಲಸ. ಒಮ್ಮೆ ನಮ್ಮಪ್ಪ ಮಗಳ ಮನೆಗೆ ಹೊರಟವರು ಕಂಡಕ್ಟರ್ ಪರಿಚಯದವನೆಂದು ಟಿಕೆಟ್ ತೆಗೆಸದೆ ಕೂತಿದ್ದರು. ಭಾವ ಹತ್ತಿದರು, ಮಾವನ ಕಾಲಿಗೆ ನಮಸ್ಕಾರ ಮಾಡಿದರು, ಆಮೇಲೆ ದಂಡ ಹಾಕಿದರು. ಅಪ್ಪ ಕೊನೆಯವರೆಗೂ ಆ ನಮಸ್ಕಾರವನ್ನು ಮರೆಯಲಿಲ್ಲ.

ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಮರದ ಕೆಳಗೆ ಮಾಡಲು ಏನೂ ಇರುತ್ತಿರಲಿಲ್ಲ. ದಪ್ಪ ಪುಸ್ತಕ ಹಿಡಿದು ಮೈಮರೆತರೆ ಬಸ್ಸು ಕೈತಪ್ಪುತ್ತದೆ. ಹಾಗಾಗಿ ಭಾವ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಾಮಿಕ್ಸು, ಮಕ್ಕಳ ಪುಸ್ತಕ, ಹೀಗೆ ತೆಳ್ಳಗಿರುವುದನ್ನೇ ಆರಿಸಿ ಜೇಬಿಗೆ ತುರುಕಿಕೊಳ್ಳುತ್ತಿದ್ದರು. ಓದಿ ಖುಷಿಪಟ್ಟರೆ ನನ್ನ ತಕರಾರಿಲ್ಲ. ಅವರು ಅವನ್ನೂ ಚೆಕ್ ಮಾಡುತ್ತಿದ್ದರು.

"ಹದಿನಾರು ಪುಟದ ಪುಸ್ತಕ ಆದ್ರೆ ನರಿ ಹದಿನೈದನೇ ಪುಟದಲ್ಲಿ ಒಳ್ಳೇದಾಗುತ್ತೆ. ಎಂಟು ಪುಟದ್ದಾದ್ರೆ ಏಳರಲ್ಲಿ. ಆ ನರಿಗೆ ಪುಟದ ಲೆಕ್ಕ ಯಾರು ಹೇಳಿಕೊಟ್ರು ಶಶಿ? ಇದರಲ್ಲಿ ಏನೋ ಒಳಸಂಚಿದೆ."

ಆನೆ ಟೋಪಿ ಹಾಕಿಕೊಂಡು ಸ್ಕೂಲಿಗೆ ಹೋಗುವ ಪುಸ್ತಕವನ್ನು ನನ್ನ ಮುಖದ ಮುಂದೆ ಹಿಡಿದು, "ಸಕ್ರೆಬೈಲು ಆನೆ ಬಿಡಾರಕ್ಕೆ ಹೋಗಿ ಒಂದು ಟೋಪಿ ಹಾಕಿಬಿಟ್ಟು ಬಾ, ನೋಡಣ" ಎಂದಿದ್ದರು. ಕಾಮಿಕ್ಸಿನ ಮೇಲೆ ಇನ್ನೂ ಕೋಪ. "ಇವನು ಮನಸಲ್ಲಿ ಅಂದ್ಕೊಂಡಿದ್ದು ತಲೆ ಮೇಲೆ ಮೋಡದಲ್ಲಿ ಬರೆದಿರುತ್ತೆ. ನಂಗೆ ಕಾಣುತ್ತೆ, ನಿಂಗೆ ಕಾಣುತ್ತೆ, ಪಕ್ಕದಲ್ಲೇ ನಿಂತಿರೋ ಕಳ್ಳನಿಗೆ ಕಾಣಲ್ಲ. ಅದು ಹೇಗೆ?"

ನನಗೇನು ಗೊತ್ತು? ನಾನೇನು ಬರೆದವನೇ?

ರಿಟೈರ್ ಆದ ಮೇಲೆ ತಪ್ಪಿಸಿಕೊಳ್ಳುವ ಬಸ್ಸುಗಳಿರಲಿಲ್ಲವಾದ್ದರಿಂದ ದಪ್ಪ ಪುಸ್ತಕಗಳ ಸರದಿ ಬಂತು. ಆಕಾಶನೌಕೆ, ಬೇರೆ ಗ್ರಹ, ಯಂತ್ರಮಾನವ. ನೌಕೆಯಲ್ಲಿ ಯಾರೂ ಪಾತ್ರೆ ತೊಳೆಯುವುದಿಲ್ಲ, ಅನುಮಾನ. ಬೇರೆ ಗ್ರಹದವನು ಇಳಿದ ದಿನವೇ "ಎಲೈ ಭೂವಾಸಿಗಳೇ" ಅನ್ನುತ್ತಾನೆ, ಅದಂತೂ ಘೋರ ಅನುಮಾನ. "ನಮ್ಮೂರ ಕಬ್ಬಿಣದ ಫ್ಯಾಕ್ಟರಿ ಕ್ವಾರ್ಟರ್ಸಿನವರ ಜೊತೆ ಕನ್ನಡ, ತಮಿಳು, ತೆಲುಗು ಮೂರೂ ಬೆರೆಸಿ ಮಾತಾಡೋಕೆ ನಂಗೆ ಒಂದು ವರ್ಷ ಹಿಡೀತು. ಇವನಿಗೆ ಗ್ರಾಮರ್ ಸಮೇತ ಬಂದುಬಿಡ್ತಾ?" ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರದ ಬಗ್ಗೆ ಅವರದು ಒಂದೇ ಮಾತು: "ವಾಪಸ್ ಬರೋಕೆ ಬೇರೆ ಟಿಕೆಟ್ ತಗೊಂಡಿದಾನಾ ಕೇಳು."

ಇಷ್ಟು ಬೈದರೂ ಒಂದು ಭಾನುವಾರ ಬರಿಗೈಯಲ್ಲಿ ಹೋದರೆ ಆ ಮನುಷ್ಯನ ಮುಖ ಬಾಡುತ್ತಿತ್ತು. ಓದು ಬಿಟ್ಟರೆ ಅವರಿಗೆ ಬೇರೆ ಹುಚ್ಚಿರಲಿಲ್ಲ.

ಎಡಗಣ್ಣು ಚಿಕ್ಕಂದಿನಲ್ಲೇ ಪೆಟ್ಟು ಬಿದ್ದು ಹೋಗಿತ್ತು. ಅವರ ಓದೆಲ್ಲ ಬಲಗಣ್ಣಿನದು. ಕಳೆದ ವರ್ಷ ಆ ಬಲಗಣ್ಣಿನ ಹಿಂದಿನ ಪರದೆ, ರೆಟಿನಾ, ಕಳಚಿಕೊಂಡಿತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಪರದೆ ಮತ್ತೆ ಅಂಟಿಕೊಳ್ಳಲೆಂದು ಕಣ್ಣೊಳಗೆ ಗ್ಯಾಸ್ ತುಂಬಿದ್ದೇವೆ, ಎರಡು ವಾರ ಮುಖ ಕೆಳಗೆ ಮಾಡಿಯೇ ಇರಬೇಕು ಎಂದರು ಡಾಕ್ಟರು.

"ಕಣ್ಣಿಗೆ ಗ್ಯಾಸಂತೆ!" ದಿಂಬಿನೊಳಗಿಂದ ಭಾವನ ದನಿ ಬಂತು. "ನಿನ್ನ ಪುಸ್ತಕದವರೇ ವಾಸಿ ಮಾರಾಯ."

ಹೀಗೆ ಬೋರಲು ಬಿದ್ದ ಭಾವನಿಗೆ ಓದಿ ಹೇಳುವ ಕೆಲಸ ಅಕ್ಕನ ಪಾಲಿಗೆ ಬಂತು. ಅವಳು ಪಂಚಾಂಗ ಮತ್ತು ಗ್ಯಾಸ್ ಬಿಲ್ಲು ಬಿಟ್ಟು ಏನನ್ನೂ ಓದಿದವಳಲ್ಲ. ಕಾಮಿಕ್ಸಿನಿಂದ ಶುರು ಮಾಡಿದಳು.

"ಇಲ್ಲೊಬ್ಬ ಹಾರ್ತಾ ಇದಾನೆ ರೀ. ಪ್ಯಾಂಟಿನ ಮೇಲೆ ಚಡ್ಡಿ ಹಾಕ್ಕೊಂಡಿದಾನೆ, ಪಾಪ, ಗಡಿಬಿಡಿಲಿ ಹೊರಟಿದಾನೆ ಅನ್ಸುತ್ತೆ. ಇಲ್ಲಿ 'ಢಮಾರ್' ಅಂತ ಬರೆದಿದೆ. ಯಾರು ಅಂದಿದ್ದೋ ಗೊತ್ತಾಗ್ತಿಲ್ಲ."

ಕಥೆ ಹೇಳುವಾಗ ಕೇಳುವವರು ಹೂಂ, ಹೂಂ ಎನ್ನಬೇಕೆಂಬುದು ತೊಟ್ಟಿಲ ಮಗುವಿಗೂ ಗೊತ್ತು. ನಮ್ಮ ಭಾವ ಮಾತ್ರ ಹೂಂಗುಟ್ಟುವ ಜಾಗದಲ್ಲಿ "ಅದು ಹೇಗೆ?" ಅನ್ನುತ್ತಿದ್ದರು. ಅಕ್ಕ ಒಂದು ದಿನ ಪುಸ್ತಕ ಎತ್ತಿ ಕುಕ್ಕಿದಳು. "ಒಂದು ಸಲ ಹೂಂ ಅನ್ನಿ ನೋಡಣ, ಬಾಯಿ ಸವೆಯುತ್ತಾ?" ಭಾವ ಅನ್ನಲಿಲ್ಲ. ಕಾಮಿಕ್ಸು ಮುಗಿದು ನಾನು ತಂದ ದಪ್ಪ ಕಾದಂಬರಿ ಶುರುವಾಯಿತು. ದೂರದ ನಕ್ಷತ್ರಕ್ಕೆ ಹೊರಟ ನೌಕೆ, ಅದಕ್ಕೆ ನಕ್ಷೆ ನೋಡಿ ದಾರಿ ಹೇಳುವ ಒಬ್ಬ ಮುದುಕ. ತಂದುಕೊಡುವ ಮೊದಲು ನಾನು ಅದನ್ನು ತಿರುವಿ ನೋಡಿರಲಿಲ್ಲ.

ಎರಡು ವಾರ ಮುಗಿಯುವ ಮೊದಲು ಒಮ್ಮೆ ತೋರಿಸಲು ಹೋದೆವು. ಡಾಕ್ಟರು ಅಕ್ಕನನ್ನೂ ನನ್ನನ್ನೂ ಹೊರಗೆ ಕರೆದು, ಕೈಲಾದಷ್ಟು ಮಾಡಿದ್ದೇವೆ, ಮನೆಯೊಳಗೆ ಓಡಾಡುವಷ್ಟು ಕಾಣಬಹುದು, ಓದುವ ದೃಷ್ಟಿ ಮಾತ್ರ ಬರಲಾರದು ಎಂದರು. ಅಕ್ಕ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. "ಅವರು ಎದ್ದು ಕೂರೋವರೆಗಾದ್ರೂ ಹೇಳ್ಬೇಡ ಕಣೋ. ಮುಖ ಕೆಳಗೆ ಹಾಕ್ಕೊಂಡು ಇಂಥ ಮಾತು ಕೇಳ್ಬಾರ್ದು." ಒಳಗೆ ಹೋಗಿ ಭಾವನಿಗೆ, "ಎಲ್ಲಾ ಸರಿಯಾಗುತ್ತಂತೆ ರೀ" ಎಂದಳು. ಭಾವ ಏನೂ ಕೇಳಲಿಲ್ಲ. ಅವರು ಕೇಳದಿದ್ದುದೇ ನನಗೆ ಹೆದರಿಕೆ ತಂದಿತು.

ಆ ವಾರದ ಭಾನುವಾರ ಅಕ್ಕ ಕಾಫಿಗೆ ಎದ್ದು ಹೋದೊಡನೆ ಭಾವ ಪಿಸುಗುಟ್ಟಿದರು. "ಶಶಿ, ಹತ್ರ ಬಾ. ಕಥೆಲಿ ಒಬ್ಬ ಮುದುಕ ಇದಾನೆ, ನಕ್ಷೆ ನೋಡೋನು. ಚೆನ್ನಾಗೇ ಇದ್ದ. ಇವತ್ತು ಓದಿದ್ರಲ್ಲಿ ಒಬ್ಬ ಹುಡುಗಿ ಅವನ ಕೈ ಹಿಡ್ಕೊಂಡು ನಡೆಸ್ತಾಳೆ. ಕಣ್ಣು ಸರಿ ಇರೋನನ್ನ ಯಾರಾದ್ರೂ ಕೈ ಹಿಡಿದು ನಡೆಸ್ತಾರಾ?"

"ಅಕ್ಕನ್ನ ಕೇಳಬೇಕಿತ್ತು ಭಾವ."

"ಕೇಳ್ದೆ. ಸ್ನೇಹಕ್ಕೆ ಹಿಡ್ಕೊಂಡಿದಾಳೆ, ನಿಮಗೇನು ಕಷ್ಟ ಅಂದ್ಳು. ನಡುವೆ ಒಂದು ಪುಟ ನುಂಗಿದಾಳೆ ನಿಮ್ಮಕ್ಕ. ಪುಸ್ತಕದಲ್ಲಿ ಮುಚ್ಚಿಟ್ಟೋಳು ಡಾಕ್ಟರು ಹೇಳಿದ್ದನ್ನ ಮುಚ್ಚಿಡಲ್ವಾ? ಆ ಪುಟ ತೆಗೆದು ಓದು. ನಂಗೆ ಅಷ್ಟು ಸಾಕು."

ಪುಟ ಹುಡುಕಿದೆ. ಇತ್ತು. ಮುದುಕ ಬೆಳಿಗ್ಗೆ ಎದ್ದು ನಕ್ಷೆ ಬಿಡಿಸುತ್ತಾನೆ, ಅದರಲ್ಲಿ ಒಂದು ಗೆರೆಯೂ ಕಾಣುವುದಿಲ್ಲ. ಇನ್ನು ಮುಂದೆ ಕಾಣುವುದೂ ಇಲ್ಲ. ಆ ಪುಸ್ತಕ ತಂದ ನನ್ನ ಕೈಗೆ ಬೆಂಕಿ ಹಾಕಬೇಕು ಅನ್ನಿಸಿತು.

"ಅವನಿಗೆ... ಅವನಿಗೆ ಜ್ವರ ಬರುತ್ತೆ ಭಾವ" ಎಂದೆ.

"ಜ್ವರ ಬಂದೋನನ್ನ ಮಲಗಿಸ್ತಾರೆ. ನಡೆಸಲ್ಲ."

ಮುಂದಿನ ಸುಳ್ಳಿಗಾಗಿ ಪುಟಗಳನ್ನು ಹಿಂದೆ ಮುಂದೆ ತಿರುವತೊಡಗಿದೆ. ಬಸ್ಸಿನಲ್ಲಿ ಟಿಕೆಟ್ ಇಲ್ಲದವನು ಸುಮ್ಮನೆ ಜೇಬು ತಡಕುವುದನ್ನು ಭಾವ ಎಷ್ಟು ನೋಡಿಲ್ಲ!

"ಸಾಕು ಬಿಡು" ಎಂದರು ಮೆಲ್ಲಗೆ. "ಪುಸ್ತಕ ಇದ್ದ ಹಾಗೇ ಇಡು. ಅವಳಿಗೆ ಗೊತ್ತಾಗೋದು ಬೇಡ."

ಅಕ್ಕ ಕಾಫಿ ತಂದಳು. ಬೋರಲಾಗಿ ಕುಡಿಯಲು ಅನುಕೂಲವಾಗಲೆಂದು ಸ್ಟ್ರಾ ಹಾಕಿ ಅವರ ಬಾಯಿಗಿಟ್ಟಳು. ನನ್ನ ಮುಖ ನೋಡಿ ಅವಳು ಗಾಬರಿಯಾದಳು. "ಏನ್ರೀ? ನಾನು ಒಂದು ಸಾಲೂ ಬಿಡದೆ ಓದ್ತಾ ಇದೀನಿ. ಇನ್ನೂ ಅನುಮಾನನಾ?"

ಸ್ವಂತ ಮಾವನಿಗೆ ದಂಡ ಹಾಕಿದ ಮನುಷ್ಯ. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನಾನು ಕಾದು ಕೂತೆ.

"ಅನುಮಾನ ಏನಿಲ್ಲ ಮಾರಾಯ್ತಿ. ಓದು."

ಅಕ್ಕ ಕನ್ನಡಕ ಏರಿಸಿ ಪುಟ ತೆರೆದಳು. ಮುದುಕ ಎದ್ದು, ಯಾರ ಕೈಯನ್ನೂ ಹಿಡಿಯದೆ ಕಿಟಕಿಯ ಹತ್ತಿರ ಹೋದ ಎಂದು ಓದಿದಳು. ಹೊರಗೆ ನಕ್ಷತ್ರಗಳು ಕಂಡವು. ಅಶ್ವಿನಿ ಕಂಡಿತು, ಭರಣಿ ಕಂಡಿತು, ಕೃತ್ತಿಕೆ ಕಂಡಿತು. ಪಂಚಾಂಗದಲ್ಲಿದ್ದ ಹೆಸರುಗಳು ಒಂದೊಂದಾಗಿ ಆ ನೌಕೆಯ ಕಿಟಕಿಗೆ ಬಂದವು. ಅವಳು ಬಿಡಿಸಿದ್ದ ಪುಟ ನನಗೆ ಕಾಣುತ್ತಿತ್ತು, ಅದರಲ್ಲಿ ಕಿಟಕಿಯೂ ಇರಲಿಲ್ಲ, ಅಶ್ವಿನಿಯೂ ಇರಲಿಲ್ಲ.

"ಹೂಂ" ಎಂದರು ಭಾವ, ದಿಂಬಿನೊಳಗಿಂದ.

ಅಕ್ಕ ಒಂದು ಕ್ಷಣ ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ರೋಹಿಣಿ ಕಂಡಿತು ಎಂದಳು.

"ಹೂಂ" ಎಂದರು ಭಾವ.