ದೊಡ್ಡಪ್ಪ ಹುಡುಕಿಕೊಂಡು ಹೋದ ಹೆಚ್.

ನಮ್ಮ ಮನೆಯವರ ಹೆಸರಿಗೆ ಮುಂಚೆ ಮೂರು ಅಕ್ಷರ. ಮೊದಲನೆಯದು ಊರು, ಎರಡನೆಯದು ಅಜ್ಜ, ಮೂರನೆಯದು ಅಪ್ಪ. ಪ್ರತಿ ಅಕ್ಷರಕ್ಕೂ ಒಂದು ಚುಕ್ಕಿ, ಚುಕ್ಕಿಯಾದ ಮೇಲೆ ಒಂದಿಷ್ಟು ಜಾಗ. ಚುಕ್ಕಿ ಬಿಟ್ಟರೆ ಮರ್ಯಾದೆ ಬಿಟ್ಟಂತೆ, ಜಾಗ ಬಿಡದಿದ್ದರೆ ಅಜ್ಜನ ಕಾಲು ಅಪ್ಪನಿಗೆ ತಾಗಿದಂತೆ ಎನ್ನುವುದು ದೊಡ್ಡಪ್ಪನ ಸಿದ್ಧಾಂತ.

ಒಮ್ಮೆ ಚರ್ಚಾ ಸ್ಪರ್ಧೆಗೆಂದು ಪುಣೆಗೆ ಹೋಗಿದ್ದೆ. ಸಂಘಟಕರು ಇನಿಷಿಯಲ್ ಬಿಡಿಸಿ ಬರೆಯಬೇಕೆಂದರು, ಬಿಡಿಸಿದೆ. ಸ್ಪರ್ಧೆ ಮುಗಿಯುವವರೆಗೂ ಎಲ್ಲರೂ ನನ್ನನ್ನು ಊರಿನ ಹೆಸರು ಹಿಡಿದು ಕರೆದರು, ಅದೂ ನಾನು ಕಣ್ಣಲ್ಲೂ ನೋಡಿರದ ಊರು. ಪಕ್ಕದಲ್ಲಿ ಕೂತಿದ್ದ ತಮಿಳುನಾಡಿನ ಮದುರೆಯ ಹುಡುಗಿಗೆ ಒಂದೇ ಅಕ್ಷರ, ಅದು ಅವಳಪ್ಪನದು. ತೀರ್ಪುಗಾರರು ಅವಳನ್ನು ಅಪ್ಪನ ಹೆಸರಿನಿಂದಲೇ ಹೊಗಳಿದರು. ವೇದಿಕೆಯಲ್ಲಿ ಒಂದು ಊರು ಮತ್ತು ಒಬ್ಬ ಅಪ್ಪ ಮಹಿಳಾ ಸ್ವಾತಂತ್ರ್ಯದ ಬಗ್ಗೆ ವಾದಿಸಿದವು. ಊರು ಗೆದ್ದಿತು.

ದೊಡ್ಡಪ್ಪನ ವಿಷಯಕ್ಕೆ ಬರುತ್ತೇನೆ. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಅವರದು ಪಾತ್ರೆ ಅಂಗಡಿ. ಮದುವೆಗೆ ಉಡುಗೊರೆ ಕೊಡುವ ಸ್ಟೀಲ್ ತಟ್ಟೆ, ಬಿಂದಿಗೆಗಳ ಮೇಲೆ ಕೊಟ್ಟವರ ಹೆಸರು ಕೊರೆದುಕೊಡುತ್ತಾರೆ. ಜುಂಯ್ ಎನ್ನುವ ಆ ಪುಟ್ಟ ಯಂತ್ರ ಹಿಡಿದು ಎಷ್ಟೋ ಮನೆತನಗಳ ಇನಿಷಿಯಲ್ ಕೆತ್ತಿದ್ದರಿಂದ, ಅಕ್ಷರ ನೋಡಿಯೇ ವಂಶ ಹೇಳಬಲ್ಲೆ ಎಂದು ಅವರ ನಂಬಿಕೆ. ಅದನ್ನು ಯಾರೂ ಪ್ರಶ್ನಿಸಿರಲಿಲ್ಲ. ತಟ್ಟೆ ಕೊಳ್ಳಲು ಬಂದವರು ವಾದಕ್ಕೆ ನಿಲ್ಲುವುದಿಲ್ಲ.

ಅಕ್ಕ ಭದ್ರಾವತಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ದಿನವೂ ಗೋಪಾಳದ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಅಲ್ಲಿನ ಸಹೋದ್ಯೋಗಿಯೊಬ್ಬನನ್ನು ಮದುವೆಯಾಗುತ್ತೇನೆ ಎಂದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಜಾತಿ ಒಂದೇ, ಒಳಪಂಗಡ ಒಂದೇ, ಜಾತಕವೂ ಕೂಡಿತು. ಪ್ರೀತಿಸಿದವರಿಗೆ ಇಷ್ಟು ಅನುಕೂಲವಿರುವುದು ಅನ್ಯಾಯ ಎಂದು ನಾನು ರೇಗಿಸಿದ್ದೆ. ಆದರೆ ಅಣ್ಣನನ್ನು ಕೇಳದೆ ಚಪ್ಪಲಿಯನ್ನೂ ಕೊಳ್ಳದ ಅಪ್ಪ, ಹುಡುಗನ ವಿವರವನ್ನು ದೊಡ್ಡಪ್ಪನ ಮುಂದಿಟ್ಟರು.

"ಬರೀ ಹೆಚ್.? ಒಂದೇ ಇನಿಷಿಯಲ್ಲಾ?"

"ಒಂದೇ ದೊಡ್ಡಪ್ಪ," ಎಂದಳು ಅಕ್ಕ.

"ಹೆಚ್. ಅನ್ನೋದು ಊರು. ಅವರಪ್ಪನ ಅಕ್ಷರ ಎಲ್ಲಿ ಹೋಯ್ತು?"

"ಅವರಪ್ಪ ಚಿಕ್ಕಂದಿನಲ್ಲೇ ತೀರ್ಕೊಂಡ್ರು. ಅಕ್ಷರದ ವಿಷಯ ನಾನು ಕೇಳಿಲ್ಲ. ಹೆಸರು ಕರೆಯೋಕೆ ಇನಿಷಿಯಲ್ ಯಾಕೆ?"

"ಕೇಳ್ಬೇಕಿತ್ತು ಕಣಮ್ಮ. ಇರ್ಲಿ, ಊರಲ್ಲಿ ವಿಚಾರಿಸ್ತೀನಿ."

ನನಗೆ ತಡೆಯಲಾಗಲಿಲ್ಲ. "ದೊಡ್ಡಪ್ಪ, ಅದು ಊರೇ ಅಂತ ಹೇಗೆ ಹೇಳ್ತೀರಿ? ಅವರಿರೋದು ಭದ್ರಾವತಿ ಕಾರ್ಖಾನೆ ಕ್ವಾರ್ಟರ್ಸಲ್ಲಿ, ಅಲ್ಲಿನ ತಮಿಳ್ರ ಥರ ಅಪ್ಪನ ಅಕ್ಷರ ಒಂದೇ ಇಟ್ಕೊಂಡಿರ್ಬಹುದಲ್ವಾ?"

"ಪುಣೇಲಿ ಕಪ್ ಗೆದ್ದಿದ್ದು ಸಾಕು, ಸುಮ್ನಿರು ಮಾರಾಯ್ತಿ."

ಅವರು ಹೊಳಲೂರಿಗೆ ಹೋದರು, ಹಾರನಹಳ್ಳಿಗೆ ಹೋದರು. ಹೊನ್ನಾಳಿಯ ಗಿರಾಕಿಗೆ ಫೋನ್ ಮಾಡಿದರು. ಹೊಸನಗರದ ಯಾವುದೋ ಮದುವೆಯಲ್ಲಿ ಊಟದ ಪಂಕ್ತಿಯುದ್ದಕ್ಕೂ ಕೇಳಿಕೊಂಡು ಬಂದರು. ಎಲ್ಲೂ ಆ ಮನೆತನದ ಸುಳಿವಿರಲಿಲ್ಲ. ಇಷ್ಟಾದ ಮೇಲೆ ಯಾರಿಗಾದರೂ ತಾನು ಹುಡುಕುತ್ತಿರುವುದು ಊರಲ್ಲವೇನೋ ಎಂಬ ಅನುಮಾನ ಬರಬೇಕು. ದೊಡ್ಡಪ್ಪನಿಗೆ ಬಂದದ್ದು ಹುಡುಗನ ಮೇಲೆ.

"ಊರಲ್ಲಿ ಗುರುತಿಲ್ಲದ ಜನ. ಏನೋ ಮುಚ್ಚಿಡ್ತಿದಾರೆ. ಬೇಡ ಅಂದ್ಬಿಡಿ," ಎಂದರು. ಅಪ್ಪ ತಲೆಯಾಡಿಸಿದರು.

ಅಕ್ಕ ಅಳಲಿಲ್ಲ. "ನಿಮ್ಮನ್ನ ಬಿಟ್ಟು ಓಡಿಹೋಗಲ್ಲ, ಬೇರೆ ಯಾರನ್ನೂ ಆಗೋದೂ ಇಲ್ಲ," ಎಂದಷ್ಟೇ ಹೇಳಿ ಫೋನ್ ಎತ್ತಿಕೊಂಡು ಹೊರಗೆ ಹೋದಳು. ಅವಳು ಒಂದು ಮಾತು ಆಡಿದರೆ ಆಯಿತು, ಬದಲಾಯಿಸುವವಳಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಭಾನುವಾರ ಹುಡುಗನ ತಾಯಿ ಒಬ್ಬರೇ ಬಂದರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜೀವಮಾನವಿಡೀ ದುಡಿದವರು. ಅಮ್ಮ ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಹೆಚ್. ಯಾವೂರು ಅಂತ ಹುಡುಕ್ತಿದೀರಂತೆ ಯಜಮಾನ್ರೇ. ಅದು ಊರಲ್ಲ. ಅದು ನಾನು."

ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ. "ಅಂದ್ರೆ?"

"ನನ್ನ ಹೆಸರಿನ ಅಕ್ಷರ. ನಮ್ಮ ಹುಡುಗನ ಅಪ್ಪ ಹೋದ ಮೇಲೆ ಅವರ ಕಡೆಯೋರು ಮಗೂನೂ ನನ್ನೂ ಮನೆಯಿಂದ ಆಚೆ ಹಾಕಿದ್ರು. ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಇನಿಷಿಯಲ್ ಏನಮ್ಮ ಅಂದ್ರು. ಅವನ ಕೈ ಹಿಡ್ಕೊಂಡು ಬಂದಿದ್ದು ನಾನೊಬ್ಬಳೇ. ನಂದೇ ಬರ್ಕೊಳ್ಳಿ ಅಂದೆ."

"ಹಾಗೆಲ್ಲ ಬರೆಯೋ ಪದ್ಧತಿ ಇಲ್ವಲ್ಲ ತಾಯಿ."

"ಮೇಷ್ಟ್ರೂ ಇದನ್ನೇ ಅಂದ್ರು. ಆಮೇಲೆ ಬರ್ಕೊಂಡ್ರು."

ಈ ವಾದ ಇಷ್ಟಕ್ಕೇ ನಿಂತಿದ್ದರೂ ನಾನು ಅವರಿಗೇ ಅಂಕ ಕೊಡುತ್ತಿದ್ದೆ. ಆದರೆ ಅವರು ನಿಲ್ಲಿಸಲಿಲ್ಲ.

"ನಾನೂ ವಿಚಾರಿಸ್ದೆ ಯಜಮಾನ್ರೇ, ಹೆಣ್ಣು ತರೋರಿಗೂ ಭಯ ಇರುತ್ತಲ್ಲ. ನಿಮ್ಮ ಮೊದಲನೇ ಅಕ್ಷರದ ಊರಿಗೆ ಬಸ್ ಹತ್ಕೊಂಡು ಹೋಗಿದ್ದೆ. ಒಬ್ರಿಗೂ ನಿಮ್ಮ ಮನೆತನ ಗೊತ್ತಿಲ್ಲ. ಅಲ್ಲೊಬ್ರು ಅಜ್ಜ, ಇಂಥೋರು ಇಲ್ಲಿಲ್ಲ, ಶಿವಮೊಗ್ಗದಲ್ಲಿ ಕೇಳಿ ನೋಡಮ್ಮ ಅಂದ್ರು. ಅದಕ್ಕೆ ಇಲ್ಲಿಗೇ ಬಂದೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದರು. ಅಪ್ಪ ಮೊದಲ ಬಾರಿಗೆ ಅಣ್ಣನ ಕಡೆ ನೋಡದೆ, "ಇನ್ನೊಂಚೂರು ಕಾಫಿ ತಗೊಳ್ಳಿ," ಎಂದರು.

ಅವರು ಹೋದ ಮೇಲೆ ನಾನು ದೊಡ್ಡಪ್ಪನನ್ನು ಕೇಳಿದೆ, "ಅವರಿರೋದು ಭದ್ರಾವತೀಲಿ. ಅಲ್ಲೇ ಯಾಕೆ ವಿಚಾರಿಸ್ಲಿಲ್ಲ ನೀವು?"

"ಅದೇನು ಊರೇನೇ? ಅಲ್ಲಿರೋರೆಲ್ಲ ಕೆಲಸಕ್ಕೆ ಅಂತ ಬಂದೋರು. ಒಬ್ಬರಿಗೊಬ್ಬರು ಏನು ಗೊತ್ತಿರುತ್ತೆ?"

ಹಾಗೆಂದವರು ಮರುದಿನ ಅಂಗಡಿ ಬೀಗ ತೆಗೆಯದೆ ಅಕ್ಕನ ಬಸ್ಸನ್ನೇ ಹತ್ತಿದರು. ಅಕ್ಕ ಲ್ಯಾಬಿಗೆ ಹೋದಳು, ಇವರು ಕ್ವಾರ್ಟರ್ಸ್ ಕಡೆ ನಡೆದರು. ಸಂಜೆ ಇಬ್ಬರೂ ಒಟ್ಟಿಗೆ ಮರಳಿದರು. ದೊಡ್ಡಪ್ಪನ ಮುಖ ಬಿಸಿಲಿಗೆ ಕೆಂಪಾಗಿತ್ತು.

"ಆಯಮ್ಮನ ಹೆಸರು ಹೇಳಿದ್ರೆ ಸಾಕು, ಕೂರಿಸಿ ಟೀ ಕೊಡ್ತಾರಪ್ಪ," ಎಂದು ಅಪ್ಪನಿಗೆ ವರದಿ ಒಪ್ಪಿಸಿದರು. "ಒಬ್ಬ ತಮಿಳಲ್ಲಿ ಹೊಗಳ್ದ, ಇನ್ನೊಬ್ಬಳು ತೆಲುಗಲ್ಲಿ. ಪೂರ್ತಿ ಅರ್ಥ ಆಗ್ಲಿಲ್ಲ, ಆದ್ರೆ ಬೈಗುಳ ಅಲ್ಲ ಅನ್ನೋದು ಗೊತ್ತಾಯ್ತು. ಹುಡುಗನ್ನ ಎಲ್ರೂ ಆಯಮ್ಮನ ಮಗ ಅಂತಾನೇ ಕರೆಯೋದು."

"ಮೂರು ಇನಿಷಿಯಲ್ ಇರೋ ನೀವು ಯಾರು ಅಂತ ಕೇಳ್ಲಿಲ್ವಾ ಅವರು?" ಎಂದೆ.

"ಕೇಳದೆ ಬಿಡ್ತಾರಾ? ನನ್ನ ಊರು, ಅಪ್ಪ, ಅಜ್ಜ ಎಲ್ಲ ಹೇಳ್ದೆ. ಮುಖ ಮುಖ ನೋಡಿದ್ರು. ಅಲ್ಲಿ ನನ್ನ ಯಾರಿಗೆ ಗೊತ್ತು?"

"ಮತ್ತೆ ಏನಂದ್ರಿ?" ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು.

ದೊಡ್ಡಪ್ಪ ಹೆಗಲ ಮೇಲಿನ ಟವೆಲಿನಿಂದ ಬೇಕೆಂದೇ ನಿಧಾನವಾಗಿ ಮುಖ ಒರೆಸಿಕೊಂಡರು.

"ಏನನ್ಲಿ? ಆಯಮ್ಮನ ಬೀಗರು ಅಂದೆ."